ಇನ್ನು ಮೂರೇ ಮೂರು

ಮನೆ ಮಾಲೀಕರು ಬಾಗಿಲು ತಟ್ಟಿದಾಗ ಮೂರಪ್ಪ ಹಲ್ಲುಜ್ಜುತ್ತಿದ್ದ. ಬಾಯಿ ತುಂಬ ನೊರೆ ಇಟ್ಟುಕೊಂಡೇ ಹೋಗಿ ಬಾಗಿಲು ತೆಗೆದ. ಬಾಯಿ ತೊಳೆದುಕೊಂಡು ಹೋಗಿದ್ದರೆ ಆ ದಿನ ಬೇರೆ ಥರ ಇರುತ್ತಿತ್ತೋ ಏನೋ.

ಮಾಲೀಕರು ದಂತವೈದ್ಯರು. ಜೀವಮಾನವಿಡೀ ಬಾಯಿ ತೆರೆದು ಮಲಗಿದವರ ಜೊತೆ ಮಾತಾಡಿ ಬಂದವರು. ಪ್ರಶ್ನೆ ಕೇಳುವುದು, ಎದುರಿನವರು ಆಂ ಊಂ ಎಂದದ್ದನ್ನು ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಳ್ಳುವುದು, ಮುಂದಿನ ಪ್ರಶ್ನೆಗೆ ಹೋಗುವುದು ಅವರ ರೂಢಿ.

"ಈ ಮನೆ ಮಾರಿಬಿಡೋಣ ಅಂತಿದೀನಿ. ಮಗಳು ಸ್ವಂತ ಕ್ಲಿನಿಕ್ ಹಾಕ್ತಾಳಂತೆ. ನಿಮಗೇನೂ ಬೇಜಾರಿಲ್ಲ ತಾನೇ?"

"ಊಂ ಊಂ ಊಂ!" ಎಂದ ಮೂರಪ್ಪ.

"ಗೊತ್ತಿತ್ತು ನಂಗೆ, ನೀವು ಒಪ್ತೀರಿ ಅಂತ. ಆನ್‌ಲೈನಲ್ಲಿ ಸಾಮಾನು ಮಾರೋ ಪುಟ ಬರೆಯೋದೇ ನಿಮ್ಮ ಕೆಲಸ ಅಲ್ವಾ? ಈ ಮನೆಗೂ ಒಂದು ಪುಟ ಬರೆದು ಹಾಕ್ಬಿಡಿ. ಇವತ್ತೇ ಹಾಕಿ, ರಜಾ ದಿನ, ಜನ ನೋಡೋಕೆ ಬರ್ತಾರೆ. ಸ್ವಲ್ಪ ಜುಮ್ ಅನ್ನುತ್ತಾ? ಈ ಕಡೆ ಹಲ್ಲು? ಒಂದ್ಸಲ ಬಂದು ತೋರಿಸಿ."

ಮೂರಪ್ಪ ನೊರೆ ಉಗಿದು ಬರುವಷ್ಟರಲ್ಲಿ ಡಾಕ್ಟರು ಮೆಟ್ಟಿಲು ಇಳಿದಾಗಿತ್ತು.

ಮೂರಪ್ಪ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವನು ಕೆಲಸ ಮಾಡುವ ಕಂಪನಿ ಕಾಲು ಒತ್ತುವ ಯಂತ್ರ, ಬೆನ್ನು ಕೆರೆಯುವ ಕೋಲು, ತಾನೇ ತೆರೆದುಕೊಳ್ಳುವ ಕಸದ ಬುಟ್ಟಿ ಇಂಥವನ್ನೆಲ್ಲ ಆನ್‌ಲೈನಲ್ಲಿ ಮಾರುತ್ತಿತ್ತು. ಒಂದೊಂದಕ್ಕೂ ಓದಿದವರ ಕೈ ತಾನೇ ಕೊಳ್ಳುವ ಗುಂಡಿಯ ಮೇಲೆ ಹೋಗುವಂಥ ಪುಟ ಬರೆಯುವುದು ಅವನ ಕೆಲಸ. ಪ್ರತಿ ಪುಟದ ತಳದಲ್ಲೂ ಅವನು ಕೆಂಪಕ್ಷರದಲ್ಲಿ "ಬೇಗ ಮಾಡಿ! ಇನ್ನು ಮೂರೇ ಮೂರು ಉಳಿದಿವೆ!" ಎಂದು ಹಾಕುತ್ತಿದ್ದ. ಗೋದಾಮಿನಲ್ಲಿ ಕಾಲು ಒತ್ತುವ ಯಂತ್ರದ ಪೆಟ್ಟಿಗೆಗಳು ಸೂರಿಗೆ ತಾಗಿ, ಅಲ್ಲಿಂದ ಉಕ್ಕಿ ಕಚೇರಿಗೂ ಬಂದು, ಕೊನೆಗೆ ಅವನ ಮೇಜಿನ ಎರಡೂ ಕಡೆ ಗೋಡೆಯಂತೆ ಎದ್ದು ನಿಂತಿದ್ದವು. ಆ ಗೋಡೆಗಳ ನಡುವೆ ಕೂತು ಅವನು ಇನ್ನು ಮೂರೇ ಮೂರು ಎಂದು ಬರೆಯುವುದನ್ನು ನೋಡಿ ಜೊತೆಯವರು ಆ ಹೆಸರಿಟ್ಟಿದ್ದರು. ಕಂಪನಿಯ ಯಜಮಾನರು ಮಾತ್ರ ಪ್ರತಿ ಪುಟವನ್ನೂ ಎರಡು ಸಲ ಓದಿ, "ಭೇಷ್! ಓದಿದ್ರೆ ಮೈ ಜುಮ್ ಅನ್ನುತ್ತೆ" ಎಂದು ಬೆನ್ನು ತಟ್ಟುತ್ತಿದ್ದರು. ಆದರೂ ಮಾಲು ಯಾಕೋ ಕದಲುತ್ತಿರಲಿಲ್ಲ. ಇನ್ನೊಂದು ಗೋದಾಮು ಹುಡುಕಬೇಕು ಎಂದು ಯಜಮಾನರು ಗೊಣಗುತ್ತಿದ್ದರು.

ಒಳಗೆ ಹೆಂಡತಿ ಕಿಟಕಿಯ ಪಕ್ಕದ ಮೇಜಿನಲ್ಲಿ, ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಕೈಗಡಿಯಾರದ ಹೊಟ್ಟೆ ಬಗೆದು ಕೂತಿದ್ದಳು. ಗಡಿಯಾರ ರಿಪೇರಿ ಅವಳ ವೃತ್ತಿ. ಹಿಂದಿನ ಮನೆಗಳಲ್ಲೆಲ್ಲ ಬೆಳಕಿನ ಜೊತೆ ಜಗಳವಾಡಿ ತಲೆನೋವು ತಂದುಕೊಂಡಿದ್ದಳು. ಈ ಮನೆಯ ಈ ಒಂದು ಕಿಟಕಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬೆಳಕು ಸೋಸಿಟ್ಟ ಹಾಲಿನ ಹಾಗೆ ಇರುತ್ತಿತ್ತು, ಬೆರಳಿನ ನೆರಳು ಕೂಡ ಚಕ್ರಗಳ ಮೇಲೆ ಬೀಳುತ್ತಿರಲಿಲ್ಲ. ಈ ಮನೆಗೆ ಬಂದ ಮೇಲೆ ಅವಳು ತಲೆನೋವಿನ ಮಾತ್ರೆ ನುಂಗಿದ್ದನ್ನು ಮೂರಪ್ಪ ನೋಡಿರಲಿಲ್ಲ. ಇವರಿಬ್ಬರೇ ಈ ಮನೆಯನ್ನು ಕೊಂಡುಕೊಳ್ಳಬಹುದಲ್ಲ ಎಂದರೆ, ಅಷ್ಟು ಗಂಟು ಅವರ ಹತ್ತಿರ ಇರಲಿಲ್ಲ.

ಸುದ್ದಿ ಕೇಳಿ ಅವಳು ಮಸೂರ ತೆಗೆದು ಮೇಜಿನ ಮೇಲಿಟ್ಟಳು. ಸ್ವಲ್ಪ ಹೊತ್ತು ಕಿಟಕಿಯನ್ನೇ ನೋಡಿದಳು.

"ಬರೀಲೇಬೇಕಾ?"

"ನಾನು ಬರೀದೇ ಇದ್ರೆ ಬೇರೆ ಯಾರೋ ಬರೀತಾರೆ. ಆವಾಗ ಇನ್ನೂ ಬೇಗ ಮಾರಾಟ ಆಗುತ್ತೆ."

"ಹಾಗಾದ್ರೆ ನೀವೇ ಬರೀರಿ. ಆದ್ರೆ ನಿಜ ಬರೀರಿ," ಎಂದಳು ಅವಳು. "ಈ ಮನೆ ಬಗ್ಗೆ ನಿಜ ಹೇಳಿದ್ರೆ ಯಾರಾದ್ರೂ ಕೊಳ್ತಾರಾ?"

ಮೂರಪ್ಪನ ಮುಖ ಅರಳಿತು. ಇಷ್ಟು ವರ್ಷ ಸಾಮಾನು ಮಾರುವುದಕ್ಕೆ ಸುಳ್ಳು ಬರೆದವನಿಗೆ, ಮಾರದೆ ಇರುವುದಕ್ಕೆ ನಿಜ ಸಾಕು ಎಂಬುದು ಹೊಳೆದಿರಲಿಲ್ಲ. ಇಬ್ಬರೂ ಅಕ್ಕಪಕ್ಕ ಕೂತು ಮನೆಯ ಕೊರತೆಗಳನ್ನು ಹುಡುಕಿ ಹುಡುಕಿ ತೆಗೆದರು. ಅವಳು ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ನಡುನಡುವೆ ಇಬ್ಬರಿಗೂ ನಗು. ಬರೆದು ಮುಗಿದಾಗ ಪುಟ ಹೀಗಿತ್ತು:

"ಹಳೆಯ ಮನೆ. ಮಲಗುವ ಕೋಣೆಯ ಗೋಡೆಯಲ್ಲಿ ಒಂದು ಬಿರುಕಿದೆ, ನದಿಯ ನಕಾಶೆಯ ಹಾಗೆ ಕಾಣುತ್ತದೆ. ನಿದ್ದೆ ಬರದಿದ್ದಾಗ ನಾವು ಅದರ ದಡದಲ್ಲಿ ಊರುಗಳನ್ನು ಕಟ್ಟುತ್ತೇವೆ. ಬಚ್ಚಲಿನ ಬಾಗಿಲು ಮುಚ್ಚುವುದಿಲ್ಲ, ಒಳಗಿರುವವರು ಹಾಡುತ್ತಿರಬೇಕು. ಅಡುಗೆಮನೆ ಬಹಳ ಕಿರಿದು, ಇಬ್ಬರಿದ್ದರೆ ಒಬ್ಬರು ಇನ್ನೊಬ್ಬರನ್ನು ತಬ್ಬಿಕೊಂಡೇ ಆಚೆ ದಾಟಬೇಕು. ಮೇಲಿನ ಮನೆಯ ಅಜ್ಜಿ ಹೊತ್ತುಗೊತ್ತಿಲ್ಲದೆ ಕುರ್ಚಿ ಎಳೆಯುತ್ತಾರೆ. ಎಳೆಯುವ ಸದ್ದು ಕೇಳದ ದಿನ ನಾವು ಮೇಲೆ ಹೋಗಿ ವಿಚಾರಿಸಿಕೊಂಡು ಬರುತ್ತೇವೆ. ಕಿಟಕಿ ಒಂದೇ ಚೆನ್ನಾಗಿರುವುದು. ಯೋಚನೆ ಮಾಡಿ ಬನ್ನಿ."

ಕೆಂಪಕ್ಷರದ ಸಾಲು ಹಾಕಲು ಕೈ ತಾನಾಗಿಯೇ ಹೋಯಿತು. ಹೆಂಡತಿ ಕೈ ಹಿಡಿದು ತಡೆದಳು.

"ಇದನ್ನ ಓದಿ ನಾಯಿಯೂ ಈ ಕಡೆ ಮೂಸಲ್ಲ," ಎಂದು ಅವನು ಪುಟವನ್ನು ಹಾಕಿ, ನಿಶ್ಚಿಂತೆಯಿಂದ ಎರಡನೇ ಲೋಟ ಚಹಾ ಕುಡಿದ.

ಲೋಟ ತೊಳೆದಿಡುವಷ್ಟರಲ್ಲಿ ಮೆಟ್ಟಿಲಲ್ಲಿ ಕಾಲ ಸಪ್ಪಳ ಶುರುವಾಯಿತು.

ಮೊದಲು ಬಂದದ್ದು ಹೊಸದಾಗಿ ಮದುವೆಯಾದ ಜೋಡಿ. ಹುಡುಗಿ ಬಂದವಳೇ, "ಅಣ್ಣಾ, ಅಡುಗೆಮನೆ ಎಲ್ಲಿ?" ಎಂದಳು. ಮೂರಪ್ಪ ತೋರಿಸಿದ. ಜೋಡಿ ಒಳಗೆ ಹೋಯಿತು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಇಣುಕಿ ನೋಡಿದರೆ ಇಬ್ಬರೂ ಒಲೆಯ ಕಡೆಯಿಂದ ತೊಟ್ಟಿಯ ಕಡೆಗೆ, ತೊಟ್ಟಿಯ ಕಡೆಯಿಂದ ಒಲೆಯ ಕಡೆಗೆ ದಾಟುತ್ತಲೇ ಇದ್ದರು.

"ಬರೆದಿದ್ದು ನಿಜ ಅಣ್ಣಾ," ಎಂದ ಹುಡುಗ, ಕೆಂಪಾದ ಮುಖ ಒರೆಸಿಕೊಳ್ಳುತ್ತ. "ನೋಡಿದ ಮನೆಗಳೆಲ್ಲ 'ವಿಶಾಲವಾದ ಅಡುಗೆಮನೆ' ಅಂತಿದ್ವು. ಹೋಗಿ ನೋಡಿದ್ರೆ ಇಷ್ಟೇ ಇರೋದು. ನೀವೊಬ್ರೇ ಕಿರಿದು ಅಂತ ಹೇಳಿದ್ದು."

ಹಿಂದೆಯೇ ಬಂದವರು ನಿವೃತ್ತ ಸರ್ವೇಯರು. ಕೈಯಲ್ಲಿ ಟಾರ್ಚು, ಅಳತೆ ಪಟ್ಟಿ, ಮುಖದಲ್ಲಿ ಲೋಕವೆಲ್ಲ ತಮಗೆ ಮೋಸ ಮಾಡಲು ಕಾದು ಕೂತಿದೆ ಎಂಬ ಭಾವ. ಬಿರುಕನ್ನು ಟಾರ್ಚು ಹಾಕಿ ಮೇಲಿಂದ ಕೆಳಗೆ ನೋಡಿ, "ನದಿ ಹೌದು," ಎಂದರು. ಬಚ್ಚಲಿನ ಬಾಗಿಲನ್ನು ತಳ್ಳಿ ನೋಡಿ, "ಮುಚ್ಚಲ್ಲ, ಹೌದು," ಎಂದು ಖುಷಿಯಿಂದ ತಲೆಯಾಡಿಸಿದರು. ಆಮೇಲೆ ನಡುಮನೆಯಲ್ಲಿ ನಿಂತು ಸೂರಿಗೆ ಕಿವಿಗೊಟ್ಟರು.

"ಕುರ್ಚಿ ಸದ್ದು ಎಲ್ಲಿ?"

ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದರು. ಮೇಲಿಂದ ಸೊಲ್ಲೇ ಇಲ್ಲ. ಆಗಿದ್ದು ಇಷ್ಟೇ: ಪುಟವನ್ನು ಅಜ್ಜಿಯ ಮೊಮ್ಮಗಳು ಫೋನಿನಲ್ಲಿ ಓದಿ ಹೇಳಿದ್ದಳು. ಅಜ್ಜಿಗೆ ನಾಚಿಕೆಯಾಗಿ, ಕುರ್ಚಿಯ ನಾಲ್ಕು ಕಾಲಿಗೂ ಹಳೆಯ ಕಾಲುಚೀಲ ತೊಡಿಸಿ ಕೂತಿದ್ದರು.

"ಹಾಗಾದ್ರೆ ಇದೊಂದು ಸುಳ್ಳು," ಎಂದರು ಸರ್ವೇಯರು. ಮುಖ ಗಂಟಾಯಿತು. "ಒಂದು ಸುಳ್ಳು ಬರೆದೋನು ಇನ್ನೆಷ್ಟು ಬರೆದಿರ್ತಾನೋ!" ಅಳತೆ ಪಟ್ಟಿ ಸರ್ರನೆ ಒಳಗೆ ಸುತ್ತಿಕೊಂಡಿತು. ಅವರು ಬಾಗಿಲ ಕಡೆ ತಿರುಗಿಯೇಬಿಟ್ಟರು.

ಮೂರಪ್ಪನಿಗೆ ಹೋದ ಜೀವ ಬಂದಂತಾಯಿತು. ಆದರೆ ಅಷ್ಟರಲ್ಲಿ ಅಜ್ಜಿಯೇ ಮೆಟ್ಟಿಲಿಳಿದು ಬಂದರು. ಅಜ್ಜಿ ಹಿಂದೆ ಟೆಲಿಫೋನ್ ಆಫೀಸಿನಲ್ಲಿದ್ದವರು, ಮೂರು ಮನೆಯಾಚೆಯ ಮಾತೂ ಅವರ ಕಿವಿಗೆ ಬೀಳುತ್ತಿತ್ತು.

"ಯಾರದು ಸುಳ್ಳು ಅಂದಿದ್ದು? ಈ ಮಗು ಇಷ್ಟು ವರ್ಷದಿಂದ ನನ್ನ ಕುರ್ಚಿ ಸದ್ದು ಸಹಿಸ್ಕೊಂಡಿದೆ. ಸದ್ದಿಲ್ಲ ಅಂದ್ರೆ ಓಡಿ ಬಂದು ನೋಡುತ್ತೆ. ಅವನ ಮಾತು ಸುಳ್ಳಾಗೋಕೆ ನಾನು ಬಿಡ್ತೀನಾ? ಇರಿ, ಈಗ ಎಳೀತೀನಿ!"

"ಅಜ್ಜಿ, ಬೇಡ, ನಿಮ್ಮ ಸೊಂಟ..." ಎಂದು ಮೂರಪ್ಪ ಅಂಗಲಾಚಿದ.

ಅಜ್ಜಿ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಸೂರು ಅದುರುವಂತೆ ಕರ್ರ್ ಎಂಬ ಸದ್ದು ಈ ತುದಿಯಿಂದ ಆ ತುದಿಗೆ ಹೋಯಿತು, ಆ ತುದಿಯಿಂದ ವಾಪಸು ಬಂತು. "ಕೇಳ್ತಾ? ಇನ್ನೊಂದ್ಸಲ ಎಳೀಲಾ?" ಎಂದು ಮೇಲಿಂದ ಕೂಗು ಕೂಡ ಬಂತು. ಸರ್ವೇಯರ ಕಣ್ಣಲ್ಲಿ ನೀರೇ ಬಂದುಬಿಟ್ಟಿತು.

"ಇಷ್ಟು ವರ್ಷಕ್ಕೆ ಒಂದು ನಿಜವಾದ ಜಾಹೀರಾತು ಕಂಡೆ ಕಣಪ್ಪಾ," ಎಂದು ಅವರು ಮೂರಪ್ಪನ ಕೈ ಹಿಡಿದುಕೊಂಡರು. "ಮನೆ ನಂಗೇ ಇರಲಿ."

"ಅದು ಹೇಗೆ? ಮೊದಲು ಬಂದಿದ್ದು ನಾವು!" ಎಂದಳು ಹುಡುಗಿ.

ಬಾಗಿಲಾಚೆ ಇನ್ನೂ ಏಳೆಂಟು ಜನ ನಿಂತಿದ್ದರು. ಡಾಕ್ಟರು ಸುದ್ದಿ ತಿಳಿದು ಹಿರಿಹಿರಿ ಹಿಗ್ಗುತ್ತ ಬಂದು ಕುರ್ಚಿ ಹಾಕಿಸಿಕೊಂಡು ಕೂತು, ಒಬ್ಬೊಬ್ಬರನ್ನೇ ಒಳಗೆ ಕರೆಯುವಂತೆ ಮೂರಪ್ಪನಿಗೆ ಅಪ್ಪಣೆ ಕೊಟ್ಟರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು.

ಮೂರಪ್ಪ ಬಚ್ಚಲಿಗೆ ಹೋಗಿ, ಮುಚ್ಚದ ಬಾಗಿಲನ್ನು ಕಾಲಿನಿಂದ ಒತ್ತಿ ಹಿಡಿದು, ಯೋಚನೆಗೆ ಬಿದ್ದ. ಎಲ್ಲಿ ಎಡವಿದೆ? ಕೊರತೆಗಳನ್ನು ಬರೆಯಲು ಕೂತವರು ಅವನೂ ಅವಳೂ. ಬರೆದದ್ದು ಮಾತ್ರ ಬೇರೇನೋ ಆಗಿತ್ತು. ಈ ಮನೆಯ ಒಂದೊಂದು ಕೊರತೆಯ ಮೇಲೂ ಇವರಿಬ್ಬರಿಗೆ ಪ್ರೀತಿಯಿತ್ತು, ಬರೆಯುವಾಗ ಅದನ್ನು ಮುಚ್ಚಿಡಲು ಆಗಲಿಲ್ಲ. ಕಾಲು ಒತ್ತುವ ಯಂತ್ರದ ಮೇಲೆ ಅವನಿಗೆ ಎಂದೂ ಪ್ರೀತಿ ಇರಲಿಲ್ಲ. ಅದರಲ್ಲಿ ಕಾಲಿಟ್ಟು ನೋಡಿದವನೂ ಅವನಲ್ಲ. ಹಾಗಾಗಿಯೇ ಅಲ್ಲವೇ ಅದಕ್ಕೆ ಅದ್ಭುತ, ಅಪೂರ್ವ, ಅಮೋಘ ಎಂದೆಲ್ಲ ಬಣ್ಣ ಬಳಿಯಬೇಕಾಗಿ ಬಂದದ್ದು? ಇದನ್ನು ತಿಳಿಯಲು ಇಷ್ಟು ವರ್ಷ ಬೇಕಾಯಿತಲ್ಲ ಎಂದು ಅವನಿಗೆ ತನ್ನ ಮೇಲೆಯೇ ಕನಿಕರ ಹುಟ್ಟಿತು.

ಕನಿಕರದ ಹಿಂದೆಯೇ ಇನ್ನೊಂದು ಯೋಚನೆ ಮಿಂಚಿತು. ಕುರ್ಚಿ ಸದ್ದು ಕೇಳದೆ ಹೋದಾಗ ಸರ್ವೇಯರು ಬಾಗಿಲ ಕಡೆ ತಿರುಗಿದ್ದರು. ಒಂದೇ ಒಂದು ಸುಳ್ಳು ಸಾಕಾಗಿತ್ತು! ಸುಳ್ಳಿನ ವಿದ್ಯೆಯಲ್ಲಿ ತನಗಿಂತ ಪಳಗಿದವರು ಯಾರಿದ್ದಾರೆ?

ಅವನು ತಲೆ ಬಾಚಿಕೊಂಡು ಹೊರಗೆ ಬಂದ. ದನಿಯೇ ಬದಲಾಗಿತ್ತು.

"ಬನ್ನಿ ಬನ್ನಿ! ಅಕ್ಕಾ, ಇದು ಬರೀ ಮನೆಯಲ್ಲ, ಒಂದು ಅನುಭವ! ಈ ಗೋಡೆಗಳಿಂದ ಒಳ್ಳೆಯ ಶಕ್ತಿ ಹೊಮ್ಮುತ್ತೆ. ಇಲ್ಲಿ ವಾಸ ಮಾಡಿದವರ ಆಯಸ್ಸು ಹೆಚ್ಚಾಗಿದೆ ಅಂತ ತಜ್ಞರೇ ಹೇಳಿದಾರೆ!"

ಹುಡುಗಿ ಗಂಡನ ತೋಳು ಹಿಡಿದುಕೊಂಡಳು. "ಯಾವ ತಜ್ಞರು?"

"ಎಲ್ಲಾ ತಜ್ಞರೂ! ಸಾವಿರಾರು ಸಂತುಷ್ಟ ಕುಟುಂಬಗಳು ಈ ಮನೇನ ಮೆಚ್ಚಿಕೊಂಡಿವೆ!"

"ಸಾವಿರಾರು ಕುಟುಂಬ? ಈ ಒಂದೇ ಮನೇಲಾ?" ಎಂದ ಹುಡುಗ.

"ಈ ಕ್ಷಣದಲ್ಲಿ ನೂರಾರು ಜನ ಈ ಮನೇನ ನೋಡ್ತಿದಾರೆ! ಇವತ್ತು ಸಂಜೆ ಒಳಗೆ ಮಾತ್ರ ಈ ಬೆಲೆ! ಬೇಗ ಮಾಡಿ, ಇನ್ನು ಮೂರೇ ಮೂರು ಉಳಿದಿವೆ!"

"ಏನು ಮೂರು?" ಎಂದರು ಸರ್ವೇಯರು.

ಸರ್ವೇಯರ ಮುಖದಲ್ಲಿ ಲೋಕದ ಮೋಸ ಮತ್ತೆ ಬಂದು ಕೂತಿತು. "ಬರೆದೋನು ಬೇರೆ, ಮಾರೋನು ಬೇರೆ ಅಂತ ಕಾಣುತ್ತೆ," ಎಂದು ಟಾರ್ಚು ಜೇಬಿಗಿಟ್ಟುಕೊಂಡು ಹೊರಟರು. ಜೋಡಿ ಅವರ ಹಿಂದೆ. ಸರದಿಯಲ್ಲಿದ್ದವರೂ "ಎಲ್ಲೋ ಏನೋ ಎಡವಟ್ಟಿದೆ" ಎಂದು ಪಿಸುಗುಡುತ್ತ ದಡದಡ ಮೆಟ್ಟಿಲಿಳಿದರು. ಡಾಕ್ಟರು ಮಾತ್ರ, "ಎಷ್ಟು ಚೆನ್ನಾಗಿ ಮಾತಾಡ್ತೀರ್ರೀ! ಇವರೆಲ್ಲ ಯಾಕೆ ಹೋಗ್ತಿದಾರೆ?" ಎಂದು ಕಣ್ಣು ಕಣ್ಣು ಬಿಟ್ಟರು.

ಮೂರಪ್ಪ ಹೆಂಡತಿಯ ಕಡೆ ತಿರುಗಿ ಕಣ್ಣು ಮಿಟುಕಿಸಿದ. ಅವಳಿಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ತಾನು ಬರೆದದ್ದು ಜನರನ್ನು ಓಡಿಸುವ ಮಂತ್ರ ಎಂದು ಗೊತ್ತಾದದ್ದು ಅವಮಾನವೇ ಆದರೂ, ಇವತ್ತೊಂದು ದಿನ ಅದು ಮನೆಯ ಕೆಲಸಕ್ಕೆ ಬಂತಲ್ಲ ಎಂದು ಅವನಿಗೆ ಹಾಯೆನಿಸಿತು.

ಆಗ ಬಾಗಿಲಲ್ಲಿ ದಪ್ಪನೆಯ ಆಕೃತಿಯೊಂದು ಕಾಣಿಸಿಕೊಂಡಿತು. ಯಜಮಾನರು!

"ಅರೆ, ಮೂರಪ್ಪ! ನೀನೇನಯ್ಯಾ ಇಲ್ಲಿ? ಈ ಬೀದೀಲಿ ಗೋದಾಮಿಗೆ ಜಾಗ ಹುಡುಕ್ತಾ ಬರ್ತಿದ್ದೆ. ನೋಡಿದ್ರೆ ಈ ಮನೆಯಿಂದ ಜನ ಬಿದ್ದಂಬೀಳ ಓಡ್ತಿದಾರೆ. ಅಡ್ವಾನ್ಸ್ ತರೋಕೆ ತಾನೇ?"

ಮೂರಪ್ಪ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಧೈರ್ಯ ತಂದುಕೊಂಡ. ಈ ಮನುಷ್ಯ ಸುಳ್ಳು ಬರೆಸಿ ಸಂಬಳ ಕೊಡುವವರು. ಮೂರೇ ಮೂರು ಎಂದರೆ ಎಷ್ಟು ಎಂಬುದು ಲೋಕದಲ್ಲಿ ಯಾರಿಗಾದರೂ ಗೊತ್ತಿದ್ದರೆ ಇವರಿಗೆ ಗೊತ್ತು. ಇವರಷ್ಟು ಬೇಗ ಇನ್ನಾರೂ ಓಡುವುದಿಲ್ಲ ಎಂದುಕೊಂಡು ಅವನು ಗಂಟಲು ಸರಿಮಾಡಿಕೊಂಡ.

"ಸಾರ್, ಇದು ಬರೀ ಮನೆಯಲ್ಲ, ಒಂದು ಅನುಭವ! ಅದ್ಭುತ, ಅಪೂರ್ವ, ಅಮೋಘ! ಸಾವಿರಾರು ಸಂತುಷ್ಟ ಕುಟುಂಬಗಳು..."

"ಸಾವಿರಾರಾ!" ಎಂದರು ಯಜಮಾನರು. ತೋಳಿನ ರೋಮ ನಿಂತದ್ದನ್ನು ಸವರಿಕೊಂಡರು. "ನೋಡು, ಮೈ ಜುಮ್ ಅಂತಿದೆ."

ಮೂರಪ್ಪನಿಗೆ ಏನೋ ಕೈ ತಪ್ಪುತ್ತಿದೆ ಅನಿಸಿತು. ಇನ್ನೂ ದೊಡ್ಡ ಸುಳ್ಳೇ ಬೇಕು ಎಂದುಕೊಂಡು ಇದ್ದಬದ್ದ ಬಾಣವನ್ನೆಲ್ಲ ಬಿಟ್ಟ. "ಸಂಜೆ ಒಳಗೆ ಮಾತ್ರ ಈ ಬೆಲೆ! ಬೇಗ ಮಾಡಿ! ಇನ್ನು... ಇನ್ನು ಮೂರೇ ಮೂರು ಉಳಿದಿವೆ!"

"ಮೂರೇ ಮೂರಾ? ಅಯ್ಯಯ್ಯೋ!" ಯಜಮಾನರು ಚೆಕ್ಕುಪುಸ್ತಕಕ್ಕಾಗಿ ಅಂಗಿಯ ಜೇಬು, ಕೋಟಿನ ಜೇಬು, ಪ್ಯಾಂಟಿನ ಜೇಬು ಎಲ್ಲವನ್ನೂ ತಡಕಾಡಿದರು. "ಮಾಲೀಕರು ಯಾರು? ನೀವಾ? ಹೇಳಿದ ಬೆಲೆ ಕೊಡ್ತೀನಿ. ಈ ಜನ ವಾಪಸು ಬರೋದ್ರೊಳಗೆ ಮುಗಿಸಿಬಿಡೋಣ!"

ಇಷ್ಟು ವರ್ಷ ತಾನು ಬರೆದದ್ದನ್ನು ಒಬ್ಬನೇ ಒಬ್ಬ ಮನುಷ್ಯ ಅಕ್ಷರ ಅಕ್ಷರವೂ ನಂಬಿದ್ದ. ಆ ಮನುಷ್ಯ ಕೊಡುವ ಸಂಬಳವನ್ನೇ ತಾನು ತಿನ್ನುತ್ತಿದ್ದುದು. ಅವನು ಓಡಿ ಹೋಗಿ ಯಜಮಾನರ ಕೈ ಹಿಡಿದ.

"ಸಾರ್, ಬೇಡ! ಗೋಡೆ ಬಿರುಕು ಬಿಟ್ಟಿದೆ. ಬಚ್ಚಲ ಬಾಗಿಲು ಮುಚ್ಚಲ್ಲ. ಅಡುಗೆಮನೇಲಿ ತಿರುಗೋಕೆ ಜಾಗ ಇಲ್ಲ. ನಾನು ಹೇಳಿದ್ದೆಲ್ಲ ಸುಳ್ಳು ಸಾರ್. ನಾವು ವಾಸ ಮಾಡೋ ಮನೆ ಇದು. ಇವಳ ಕೆಲಸ ಈ ಕಿಟಕಿ ಬೆಳಕನ್ನೇ ನಂಬ್ಕೊಂಡಿದೆ."

ಯಜಮಾನರು ಅವನ ಕೆನ್ನೆ ತಟ್ಟಿದರು. "ನನ್ನ ಹತ್ರವೇ ಆಟನಾ? ಇನ್ನೂ ಜಾಸ್ತಿ ಕೊಡೋ ಪಾರ್ಟಿ ಬಂದಿದೆ ಅಲ್ವಾ, ಅದಕ್ಕೇ ನನ್ನ ಓಡಿಸೋಕೆ ಈ ಕತೆ. ಬೇರೆಯೋರು ನಂಬಬಹುದು ಮೂರಪ್ಪ, ನಾನು ಈ ವ್ಯಾಪಾರದಲ್ಲೇ ಹಣ್ಣಾದೋನು."

ಡಾಕ್ಟರು, "ಸ್ವಲ್ಪ ಜುಮ್ ಅನ್ನುತ್ತಾ?" ಎಂದು ಯಜಮಾನರ ಹಲ್ಲನ್ನೇ ನೋಡುತ್ತ ಚೆಕ್ಕು ಇಸಿದುಕೊಂಡರು. ಮೂರಪ್ಪ ಅವರ ಕಡೆ ತಿರುಗಿ ಬಾಯಿ ತೆರೆದ. ಅವರು ಅವನ ಬಾಯೊಳಗೆ ಒಮ್ಮೆ ಇಣುಕಿ, "ನೀವು ಮಾಡಿದ ಉಪಕಾರ ಮರೆಯಲ್ಲ" ಎಂದು ಹೇಳಿ ಹೊರಟೇಹೋದರು.

ಯಜಮಾನರು ಕೋಣೆಗಳನ್ನೆಲ್ಲ ಸುತ್ತಿ ಬಂದು ಕಿಟಕಿಯ ಮುಂದೆ ನಿಂತರು. ಮೇಜಿನ ಮೇಲೆ ಯಾರದೋ ಕೈಗಡಿಯಾರ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು, ಪಕ್ಕದಲ್ಲಿ ಸಣ್ಣ ಚಕ್ರಗಳು ಒಂದೂ ನೆರಳಿಲ್ಲದೆ ಹೊಳೆಯುತ್ತಿದ್ದವು.

"ಇದನ್ನ ಇಟ್ಟಿಗೆ ಹಾಕಿ ಮುಚ್ಚಿಸ್ಬೇಕು," ಎಂದರು. "ಬೆಳಕು ಬಿದ್ರೆ ಪೆಟ್ಟಿಗೆ ಬಣ್ಣ ಹೋಗುತ್ತೆ."

ಹೆಂಡತಿ ಮೇಜಿನ ಹತ್ತಿರ ಬಂದು ಚಕ್ರಗಳನ್ನು ಒಂದೊಂದಾಗಿ ಚಿಮಟದಿಂದ ಎತ್ತಿ ಡಬ್ಬಿಗೆ ಹಾಕತೊಡಗಿದಳು. ಮೂರಪ್ಪನಿಗೆ ಅಳು ಒತ್ತಿ ಬಂತು. ಮೇಲೆ ಅಜ್ಜಿ, ಇನ್ನೂ ಯಾರೋ ಪರೀಕ್ಷೆ ಮಾಡುತ್ತಿದ್ದಾರೆಂದುಕೊಂಡು, ಕುರ್ಚಿಯನ್ನು ಮತ್ತೊಮ್ಮೆ ಈ ತುದಿಯಿಂದ ಆ ತುದಿಗೆ ಎಳೆದರು.

"ಬೇಜಾರು ಮಾಡ್ಕೋಬೇಡ್ರಯ್ಯಾ," ಎಂದರು ಯಜಮಾನರು. ಕೆಟ್ಟ ಮನುಷ್ಯರೇನಲ್ಲ ಅವರು. ಇವರು ಇಲ್ಲೇ ವಾಸವಿದ್ದವರೆಂಬುದು ಕೊನೆಗೂ ತಲೆಗೆ ಹೋಗಿ, ಇಬ್ಬರ ಮುಖ ನೋಡಿ ಅವರಿಗೂ ಏನೋ ಅನಿಸಿರಬೇಕು. ಕೆಳಗೆ ಹೋಗಿ, ಕಾರಿನಿಂದ ಒಂದು ದೊಡ್ಡ ಪೆಟ್ಟಿಗೆ ಎತ್ತಿಕೊಂಡು ಏದುಸಿರು ಬಿಡುತ್ತ ಮತ್ತೆ ಮೆಟ್ಟಿಲು ಹತ್ತಿ ಬಂದು ಮೂರಪ್ಪನ ಕೈಗಿತ್ತರು. ಕಾಲು ಒತ್ತುವ ಯಂತ್ರ.

"ಬೇಡ ಸಾರ್," ಎಂದ ಮೂರಪ್ಪ.

"ತಗೊಳಯ್ಯಾ! ಮನೆ ಹುಡುಕಿಕೊಂಡು ಅಲೆದಾಡಿ ಕಾಲು ನೋಯುತ್ತೆ," ಎಂದು ಯಜಮಾನರು ಬಾಗಿಲು ದಾಟುತ್ತ ಕೈ ಬೀಸಿದರು. "ಸಂಕೋಚ ಪಡಬೇಡ. ಇನ್ನೂ ಬೇಕಾದಷ್ಟು ಉಳಿದಿವೆ."